ನಿಂತಿದ್ದ ಸೈಕಲ್ ಟೈರು ಢಂ ಅಂತು, ನೋಡಿದ್ರೆ ಟೈರಿಗೆ ಏನೂ ಆಗಿಲ್ಲ. ಯಾಕೆ?

ಕುಕ್ಕರಹಳ್ಳಿ ಸವಾರ (ರಾಮಕೃಷ್ಣನಗರ, ಮೈಸೂರು)

ಎಲ್ರಿಗೂ ನಮಸ್ಕಾರ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಮಗಳ ಹೈಬ್ರಿಡ್ ಸೈಕಲ್ಲು, 700×38 ಟೈರು. ಹಿಂದಿನ ಚಕ್ರ ಪಂಚರ್ ಆಗಿತ್ತು, ರಿಂಗ್ ರೋಡ್ ಪಕ್ಕದ ಒಂದು ಅಂಗಡೀಲಿ ಪ್ಯಾಚ್ ಹಾಕಿಸ್ದೆ. ಬರ್ತಾ ಬಂಕಲ್ಲಿ 60 ಪಿಎಸ್‌ಐ ಗಾಳಿ ಹೊಡಿಸ್ದೆ. ಟೈರ್ ಮೇಲೆ 50ರಿಂದ 75 ಅಂತ ಬರೆದಿದೆ, ಹಾಗಾಗಿ ಜಾಸ್ತಿ ಏನಲ್ಲ. ಮನೆಗೆ ತಂದು ವರಾಂಡದಲ್ಲಿ ನಿಲ್ಲಿಸಿ ಊಟಕ್ಕೆ ಕೂತ್ವಿ. ಮಜ್ಜಿಗೆ ಅನ್ನಕ್ಕೆ ಬಂದಿದ್ವಿ ಅಷ್ಟೇ, ಢಂ! ಪಕ್ಕದ ಮನೆಯೋರು ಸಿಲಿಂಡರ್ ಸಿಡೀತು ಅಂತ ಓಡಿ ಬಂದ್ರು.

ಹೋಗಿ ನೋಡಿದ್ರೆ ಟೈರು ರಿಮ್ ಮೇಲೇ ಕೂತಿದೆ, ಒಂದು ಗೀರೂ ಇಲ್ಲ. ಒಳಗಿನ ಟ್ಯೂಬ್ ಮಾತ್ರ ಗೇಣುದ್ದ ಸೀಳಿದೆ. ಪ್ಯಾಚ್ ಹಾಕಿದ ಜಾಗ ಅಲ್ಲ, ಅದು ಗಟ್ಟಿಯಾಗೇ ಇದೆ. ಟೈರ್ ಒಳಗಿದ್ದುಕೊಂಡೇ ಟ್ಯೂಬು ಹೇಗ್ರೀ ಸಿಡಿಯುತ್ತೆ?

ಮಂಡ್ಯ ಹೈದ

ಗಾಳಿ ಜಾಸ್ತಿ ಆಗೈತೆ ಕಣಣ್ಣ, ಅಷ್ಟೆಯ. ಬಂಕ್ನೋರ್ಗೆ ಸೈಕಲ್ಲೂ ಒಂದೆ, ಲಾರೀನೂ ಒಂದೆ.

ಕುಕ್ಕರಹಳ್ಳಿ ಸವಾರ

ಇಲ್ಲ, ನಾನೇ ಮೀಟರ್ ನೋಡ್ಕೊಂಡು ನಿಂತಿದ್ದೆ. ಮನೆಗೆ ಬಂದ್ಮೇಲೂ ಹೆಬ್ಬೆಟ್ಟಲ್ಲಿ ಒತ್ತಿ ನೋಡಿದ್ದೆ.

ಸರಸ್ವತಿಪುರಂ ಹಿರಿಯ

ಬಿಸಿಲು ಸ್ವಾಮಿ, ಬಿಸಿಲು. ರಸ್ತೆ ಕಾದಿರುತ್ತೆ, ಟೈರೂ ಕಾದಿರುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ, ಟ್ಯೂಬ್ ಒಡೆಯುತ್ತೆ. ಇದಕ್ಕೆ ಇಷ್ಟೊಂದು ಚರ್ಚೆ ಬೇಕಾ? ನಮ್ಮ ಕಾಲದಲ್ಲಿ ಮಧ್ಯಾಹ್ನ ಸೈಕಲ್ ನಿಲ್ಲಿಸಬೇಕಾದ್ರೆ ಮೊದಲು ಮರ ಹುಡುಕ್ತಿದ್ವಿ.

ಗಣಿತದ ಮೇಷ್ಟ್ರು (ಕೆ.ಆರ್. ಪೇಟೆ)

ಹಿರಿಯರೇ, ಲೆಕ್ಕ ಹಾಕಿಯೇ ಬಿಡೋಣ. ಬೆಳಿಗ್ಗೆ 27 ಡಿಗ್ರಿ ಇದ್ದಾಗ ಗಾಳಿ ಹೊಡೆದ್ರಿ, ಬಿಸಿಲಿಗೆ ಕಾದು 57 ಆಯ್ತು ಅಂದ್ಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ 300 ಇದ್ದದ್ದು 330, ಅಂದ್ರೆ ನೂರಕ್ಕೆ ಹತ್ತು ಹೆಚ್ಚಾಯ್ತು. ಒತ್ತಡವೂ ನೂರಕ್ಕೆ ಹತ್ತೇ ಏರೋದು. ಆದ್ರೆ ಮೀಟರಿನ 60ಕ್ಕೆ ವಾತಾವರಣದ ಒತ್ತಡ ಸುಮಾರು 15 ಸೇರಿಸಿ 75ಕ್ಕೆ ಹತ್ತು ಪರ್ಸೆಂಟ್ ಹಾಕಬೇಕು. ಬರೋದು ಏಳೂವರೆ. 60 ಇದ್ದದ್ದು 67-68 ಆಗುತ್ತೆ. ಟೈರ್ ಮೇಲೇ 75ರ ತನಕ ಅಂತ ಬರೆದಿರುವಾಗ ಇದು ಯಾವ ಮೂಲೆಗೆ? ಅದೂ ಅವರ ಸೈಕಲ್ ನೆರಳಲ್ಲಿತ್ತು.

ಸರಸ್ವತಿಪುರಂ ಹಿರಿಯ

ಲೆಕ್ಕ ಪುಸ್ತಕದಲ್ಲಿ ಸರಿ ಮೇಷ್ಟ್ರೇ. ಅಗ್ರಹಾರದಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿದ್ದ ಕಾಲ ನೀವು ನೋಡಿಲ್ಲ. ಬೇಸಿಗೆ ಮಧ್ಯಾಹ್ನ ಆದ್ರೆ ಅಲ್ಲಿ ಪಟಾಕಿ ಅಂಗಡಿ ನೆನಪಾಗ್ತಿತ್ತು. ಅದಕ್ಕೇನು ಹೇಳ್ತೀರಿ?

ಪಂಚರ್ ಶಿವು (ಮದ್ದೂರು)

ಸಾರ್, ಬಾಡಿಗೆ ಸೈಕಲ್ ಟೈರು ನೂಲು ಕಾಣೋ ತನ್ಕ ಸವೆದಿರದು. ತೂತಿದ್ ಕಡೆ ಹಳೆ ಟೈರ್ ತುಂಡು ಒಳಗಿಟ್ಟು ಓಡಿಸ್ತಿದ್ರು. ಆ ತುಂಡು ಜರುಗ್ದಾಗ ಟ್ಯೂಬು ತೂತಲ್ಲಿ ಆಚೆ ಬಂದು ಒಡೀತಿತ್ತು. ಬಿಸ್ಲು ಕೊನೇ ನೂಕು ನೂಕ್ತದೆ, ನಾ ಇಲ್ಲ ಅನ್ನಕಿಲ್ಲ. ಆದ್ರೆ ಟೈರು ಮದ್ಲೇ ಹೋಗಕ್ಕೆ ರೆಡಿ ಆಗಿರ್ಬೇಕು.

ಈಗ ಕೇಳ್ದೋರ ವಿಷ್ಯ. ಅಪ್ಪನ ಕಾಲದಿಂದ ನಮ್ದು ಇದೇ ಕಸುಬು, ಅದ್ಕೆ ಹೇಳ್ತಾ ಇವ್ನಿ. ಟೈರ್ ಒಳ್ಗಡೆ ಟ್ಯೂಬು ಸಿಡಿಯಕ್ಕೆ ಸಾಧ್ಯಾನೇ ಇಲ್ಲ. ಟ್ಯೂಬ್‌ನ ಆಚೆ ತೆಗ್ದು ಬರೀ ಅದಕ್ಕೇ ಪಂಪ್ ಹೊಡ್ದು ನೋಡಿ. ಮದ್ಲು ತೋಳ್ ಗಾತ್ರ ಆಯ್ತದೆ, ಆಮೇಲೆ ಒಂದ್ ಕಡೆ ಬುಗ್ಗೆ ಎದ್ದು ಒಡ್ದೋಯ್ತದೆ. ಕೈಯಲ್ಲಿ ಒತ್ತುದ್ರೆ ಮೆತ್ತಗೇ ಇರ್ತದೆ, ಒಳಗೆ ಪ್ರೆಶರ್ ಅಂತ ಏನೂ ಇರಕಿಲ್ಲ. ಅದೇ ಟ್ಯೂಬು ಟೈರ್ ಒಳಗೆ ಅರವತ್ತು ತಡೀತದಲ್ಲ, ಹೆಂಗೆ? ತಡೀತಿರದು ಟೈರ್ನ ನೂಲು. ಟ್ಯೂಬ್ ಕೆಲ್ಸ ಗಾಳಿ ಸೋರ್ದಂಗೆ ನೋಡ್ಕಳದು ಅಷ್ಟೆಯ. ಹಿಗ್ಗಕ್ಕೆ ಜಾಗ ಇಲ್ದೇ ಇದ್ರೆ ಸೀಳದೆಂಗೆ? ತೂತಾದ್ರೆ ಪುಸ್ಸ್ ಅಂತ ಇಳೀತದೆ. ಢಂ ಅಂತು ಅಂದ್ರೆ ಟ್ಯೂಬು ಆಚೆ ಬಂದಿತ್ತು ಅಂತ್ಲೇ ಲೆಕ್ಕ.

ಟೈರ್ ಅಂಚು ಒಂದ್ ಕಡೆ ರಿಮ್ ಬಿಟ್ಟು ಮೇಲಕ್ಕೆದ್ದು, ಆ ಸಂದೀಲಿ ಟ್ಯೂಬ್ ಉಬ್ಕಂಡು ಬಂದು ಒಡ್ದದೆ. ಗಾಳಿ ಹೋಗ್ತಿದ್ದಂಗೇ ಟೈರ್ ಸಡ್ಲ ಆಗಿ ತಿರ್ಗಾ ರಿಮ್ ಒಳಕ್ಕೆ ಬಿದ್ದದೆ. ಕಳ್ಳ ದೋಚ್ಕಂಡು ಹೋಗುವಾಗ ಬಾಗ್ಲು ಮುಂದಕ್ಕೆ ಎಳ್ಕಂಡು ಹೋದಂಗೆ. ನೀವ್ ಬಂದು ನೋಡೋ ಹೊತ್ಗೆ ಎಲ್ಲಾ ನೆಟ್ಟಗಿರ್ತದೆ.

ಒಂದ್ ಕೆಲ್ಸ ಮಾಡಿ. ಸೀಳು ವಾಲ್ವ್ ಹತ್ರ ಅದ್ಯಾ, ದೂರ ಅದ್ಯಾ ನೋಡಿ ಹೇಳಿ. ಟ್ಯೂಬ್ ಬಿಸಾಕ್‌ಬುಟ್ಟೀರಿ.

ಒಂಟಿಕೊಪ್ಪಲು ರೈಡರ್

ಶಿವು ಅವರೇ, ಒಪ್ಪಲ್ಲ. ನನ್ನ ಟ್ಯೂಬು ಟೈರ್ ಒಳಗೇ ಹೋಗಿದೆ, ಟೈರ್ ಕದಲಿರಲಿಲ್ಲ. ಸ್ವಂತ ಕಣ್ಣಾರೆ ನೋಡಿದೀನಿ.

ಪಂಚರ್ ಶಿವು (ಮದ್ದೂರು)

ಅಕ್ಕ, ಢಂ ಅಂತಾ, ಪುಸ್ಸ್ ಅಂತಾ?

ಒಂಟಿಕೊಪ್ಪಲು ರೈಡರ್

ಪುಸ್ಸ್ ಅಂತಾನೇ. ಆದ್ರೆ ಬಹಳ ಬೇಗ. ಎರಡು ಪಕ್ಕಪಕ್ಕ ತೂತು ಇತ್ತು.

ಪಂಚರ್ ಶಿವು (ಮದ್ದೂರು)

ಅದು ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ಮಧ್ಯ ಟ್ಯೂಬು ನುಗ್ಗಾಗಿ ಆಗದು. ಜೋಡಿ ತೂತು ಅದರ ಗುರ್ತು. ಗಾಳಿ ಕಮ್ಮಿ ಇದ್ರೆ ಹಂಗಾಯ್ತದೆ. ಅದೇ ಬ್ಯಾರೆ, ಇದೇ ಬ್ಯಾರೆ ಅಕ್ಕ.

ಟೈರ್ ಕಾರ್ಖಾನೆ ನಿವೃತ್ತ (ಮೇಟಗಳ್ಳಿ)

ಶಿವು ಹೇಳಿದ್ದಕ್ಕೆ ಸ್ವಲ್ಪ ಅಂಕಿ ಸೇರಿಸ್ತೀನಿ, ಬೇಜಾರು ಮಾಡ್ಕೋಬೇಡಿ, ಅಭ್ಯಾಸಬಲ. ಟೈರಿನ ಎರಡೂ ಅಂಚಿನೊಳಗೆ ಉಕ್ಕಿನ ತಂತಿಯ ಬಳೆ ಇರುತ್ತೆ, ನಾವು ಬೀಡ್ ಅಂತೀವಿ. ಮಡಚೋ ಟೈರಲ್ಲಿ ಉಕ್ಕಿನ ಬದಲು ಕೆವ್ಲಾರ್ ಥರದ ನೂಲು. ಆ ಬಳೆ ಹಿಗ್ಗೋದಿಲ್ಲ ಅನ್ನೋದೇ ಟೈರು ರಿಮ್ ಮೇಲೆ ನಿಲ್ಲೋದಕ್ಕೆ ಮುಖ್ಯ ಕಾರಣ. 38 ಮಿಲಿಮೀಟರ್ ಅಗಲದ ಟೈರಿಗೆ 60 ಪಿಎಸ್‌ಐ ಹೊಡೆದ್ರೆ, ಅಂಚಿನ ಒಂದೊಂದು ಮಿಲಿಮೀಟರ್ ಉದ್ದಕ್ಕೂ ಹತ್ತಿರ ಹತ್ತಿರ 8 ನ್ಯೂಟನ್ ಎಳೆತ. ಸುತ್ತಳತೆ ಎರಡು ಮೀಟರ್‌ಗೆ ಸ್ವಲ್ಪ ಕಡಿಮೆ. ಗುಣಿಸಿ ನೋಡಿ: 15,000 ನ್ಯೂಟನ್ ದಾಟುತ್ತೆ. ಒಂದೂವರೆ ಟನ್ ಭಾರ ಎಳೆದಷ್ಟು, ಅದೂ ಒಂದು ಬದಿಯ ಅಂಚಿಗೆ.

ಇನ್ನೊಂದು ಮಾತು. ಎಳೆತ ಒತ್ತಡದ ಮೇಲೆ ಮಾತ್ರ ಇಲ್ಲ, ಅಗಲದ ಮೇಲೂ ಇದೆ. 25 ಮಿಮೀ ರೋಡ್ ಬೈಕ್ ಟೈರಿಗೆ 90 ಹೊಡೆದ್ರೂ ಅಂಚಿನ ಮೇಲೆ ಬೀಳೋದು ಇದೇ 8 ನ್ಯೂಟನ್. ಅದೇ 90ನ್ನ 50 ಮಿಮೀ ದಪ್ಪ ಟೈರಿಗೆ ಹೊಡೆದ್ರೆ ಎರಡರಷ್ಟಾಗುತ್ತೆ, ಆಗ ಹಾರೋದು ಗ್ಯಾರಂಟಿ ಅಂತಲೇ ಇಟ್ಕೊಳ್ಳಿ. ದಪ್ಪ ಟೈರ್ ಗಟ್ಟಿ ಅಂತ ಹುಡುಗರು ಎಂಟಿಬಿಗೆ, ಅಂದ್ರೆ ಮೌಂಟೇನ್ ಬೈಕಿಗೆ, ಗಟ್ಟಿಯಾಗಿ ಗಾಳಿ ಹೊಡಿಸ್ತಾರಲ್ಲ, ಅದಕ್ಕೆ ಹೇಳ್ದೆ.

ಸೈಕಲ್ಲಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4210 ಪ್ರಕಾರ, ಬರೆದಿರೋ ಗರಿಷ್ಠ ಒತ್ತಡದ ಶೇ. 110ರಷ್ಟು ಗಾಳಿ ತುಂಬಿ ಕನಿಷ್ಠ 5 ನಿಮಿಷ ಬಿಟ್ರೂ ಟೈರು ರಿಮ್ ಬಿಟ್ಟು ಏಳಬಾರದು. ನಿಮ್ಮ 75ಕ್ಕೆ ಅದು 82 ಚಿಲ್ಲರೆ ಆಗುತ್ತೆ. ಸರಿಯಾಗಿ ಕೂತ ಟೈರು 60ಕ್ಕೆ ಹಾರಿದ್ರೆ, ಅದು ಸರಿಯಾಗಿ ಕೂತೇ ಇರಲಿಲ್ಲ.

ಲಲಿತಮಹಲ್ ರೋಡಿ

ಸರ್, ರಿಮ್ಮಿನ ಅಂಚಲ್ಲಿ ಒಳಕ್ಕೆ ಬಾಗಿದ ಹುಕ್ ಇರುತ್ತಲ್ಲ, ಟೈರ್ ಹಿಡಿದುಕೊಳ್ಳೋದು ಅದೇ ಅಲ್ವಾ? ಬೀಡ್ ಅಷ್ಟೇ ಅಂದ್ರೆ ಹೇಗೆ?

ಟೈರ್ ಕಾರ್ಖಾನೆ ನಿವೃತ್ತ (ಮೇಟಗಳ್ಳಿ)

ಹುಕ್ ಸಹಾಯ ಮಾಡುತ್ತಪ್ಪ, ಸಣ್ಣ ಟೈರಿಗೆ ಹೆಚ್ಚು ಗಾಳಿ ತುಂಬುವಾಗ ಬೇಕೇ ಬೇಕು. ಹುಕ್ ಇಲ್ಲದ ಈಗಿನ ರೋಡ್ ರಿಮ್‌ಗಳಿಗೆ 5 ಬಾರ್, ಅಂದ್ರೆ 72.5 ಪಿಎಸ್‌ಐ ಮೀರಬಾರದು ಅಂತ ಮಿತಿ ಹಾಕಿರೋದೂ ಅದಕ್ಕೇ. ಆದ್ರೆ ಹಾಲಿನ ಕ್ಯಾನ್ ಹೊತ್ತು ತಿರುಗೋ ನಮ್ಮ ದೊಡ್ಡ ಸೈಕಲ್ಲಿನ ವೆಸ್ಟ್‌ವುಡ್ ರಿಮ್ಮಿಗೆ ಈಗಿನ ಥರದ ಹುಕ್ ಎಲ್ಲಿದೆ? ಅಂಚು ಸುರುಳಿ ಸುತ್ತಿದೆ ಅಷ್ಟೇ. ಟೈರು ನಿಂತಿಲ್ವಾ?

ಮಂಡ್ಯ ಹೈದ

ನಿಂತದೆ ಸಾರ್. ನಮ್ಮಪ್ಪ ಅದರ್ ಮೇಲೆ ಎರಡ್ ಕ್ಯಾನ್ ಹಾಲು, ಹಿಂದ್ಗಡೆ ಹಸಾಗೆ ಹುಲ್ಲು, ಮುಂದ್ಗಡೆ ನನ್ನ ಕೂರಿಸ್ಕಂಡು ಡೈರಿಗೆ ಹೋಯ್ತಿದ್ರು. ಈಗ ಒಂದ್ ಬಾಟ್ಲು ನೀರ್ ಹೊತ್ಕಂಡು ಹೋಗೋ ಸೈಕಲ್ಲು ಢಂ ಅಂತದೆ.

ಪಟ್ಣದ ಪೆಡಲ್ (ಶ್ರೀರಂಗಪಟ್ಟಣ)

ಟೈರ್ ಹಾರೋಕೆ ಇನ್ನೊಂದು ಕಾರಣ ಇದೆ, ಯಾರೂ ಹೇಳಿಲ್ಲ. ಅಜ್ಜನ ದೊಡ್ಡ ಸೈಕಲ್ಲಿಗೆ ಅಂತ ತಂದಿದ್ದ ಹೊಸ 28×1½ ಟೈರು ಮನೇಲಿ ಬಿದ್ದಿತ್ತು. ತಮ್ಮನ ಹೈಬ್ರಿಡ್ಡೂ 28 ಇಂಚೇ ಅಲ್ವಾ ಅಂತ ಅಂಗಡೀಲಿ ಅದನ್ನೇ ಏರಿಸಿದ್ರು. ಟೈರ್ ಮೀಟೋ ಲಿವರ್ ಮುಟ್ಟೋ ಹಾಗೇ ಇರಲಿಲ್ಲ, ಕೈಯಲ್ಲೇ ಸಲೀಸಾಗಿ ಒಳಗೋಯ್ತು. ಎಷ್ಟು ಚೆನ್ನಾಗಿ ಕೂತ್ಕೊಂತಲ್ಲ ಅಂತ ಖುಷಿ ಬೇರೆ. ಪಂಪ್ ಶುರು ಮಾಡಿದ್ದೇ ಒಂದು ಪಕ್ಕ ಎದ್ದು ನಿಂತು, ನಾವು ನೋಡ್ತಾ ನೋಡ್ತಾ ಇರೋ ಹಾಗೇ ಢಂ. ಅಂಗಡಿ ಮುಂದೆ ಮಲಗಿದ್ದ ನಾಯಿ ಎದ್ದು ಹೋಗಿದ್ದು ವಾರಗಟ್ಟಲೆ ಆ ಕಡೆ ಸುಳೀಲಿಲ್ಲ.

ಟೈರ್ ಕಾರ್ಖಾನೆ ನಿವೃತ್ತ (ಮೇಟಗಳ್ಳಿ)

ಒಳ್ಳೇ ಉದಾಹರಣೆ. ಇಂಚಿನ ಹೆಸರು ನಂಬಲೇಬಾರದು. 28×1½ ಟೈರಿನ ಬೀಡ್ ಕೂರೋ ವ್ಯಾಸ 635 ಮಿಮೀ, ಹೈಬ್ರಿಡ್ಡಿನ 700 ಸಿ ರಿಮ್ಮಿಂದು 622. ಎರಡಕ್ಕೂ ಬಾಯಲ್ಲಿ 28 ಇಂಚು! 13 ಮಿಮೀ ದೊಡ್ಡ ಬಳೆ ಸಣ್ಣ ರಿಮ್ಮಿಗೆ ಹಾಕಿದ್ರೆ ನಿಲ್ಲುತ್ತಾ? 26 ಇಂಚಲ್ಲಂತೂ ಇನ್ನೂ ಗೋಜಲು: ಎಂಟಿಬಿಯದು 559, 26×1½ ಅನ್ನೋದು 584, 26×1⅜ ಅನ್ನೋದು 590. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 37-622, 40-635 ಅಂತ ಎರಡು ಅಂಕಿ ಇರುತ್ತೆ. ಮೊದಲನೇದು ಅಗಲ, ಎರಡನೇದು ವ್ಯಾಸ. ರಿಮ್ಮಿನ ಅಂಕಿ ಅದಕ್ಕೆ ಸರಿ ಇದ್ರೆ ಮಾತ್ರ ತಗೊಳ್ಳಿ.

ಮಂಡ್ಯ ಹೈದ

584, 590... ರೇಷನ್ ಕಾರ್ಡ್ ನಂಬ್ರಕ್ಕಿಂತ ಕಷ್ಟ ಆಯ್ತಲ್ಲ ಸಾರ್.

ಬೆಟ್ಟದ ಬ್ರೇಕು (ಮೈಸೂರು)

ನಿಂತ ಸೈಕಲ್ಲಿನ ಕಥೆ ಬಿಡಿ, ಓಡೋ ಸೈಕಲ್ಲಲ್ಲಿ ಆದ್ರೆ? ಚಾಮುಂಡಿ ಬೆಟ್ಟ ಇಳಿಯುವಾಗ ನಮ್ಮ ಗುಂಪಿನ ಒಬ್ಬನಿಗೆ ಮುಂದಿನ ಟೈರು ಹಾರಿತು. ಪುಣ್ಯಕ್ಕೆ ತಿರುವು ದಾಟಿದ್ದ, ಮೊಣಕೈ ತರಚಿದ್ದು ಬಿಟ್ರೆ ಏನಾಗಲಿಲ್ಲ. ರಿಮ್ ಮುಟ್ಟಿದ್ರೆ ಚುರ್ ಅಂತು. ಭಯಕ್ಕೆ ಮೇಲಿಂದ ಕೆಳಗಿನ ತನಕ ಬ್ರೇಕ್ ಬಿಟ್ಟೇ ಇರಲಿಲ್ಲ ಅವನು.

ಸರಸ್ವತಿಪುರಂ ಹಿರಿಯ

ನೋಡಿದ್ರಾ ಮೇಷ್ಟ್ರೇ! ಬಿಸಿ ಬಿಸಿ ಅಂತ ನಾನು ಬಡ್ಕೊಂಡಿದ್ದು ಇದಕ್ಕೇ.

ಗಣಿತದ ಮೇಷ್ಟ್ರು (ಕೆ.ಆರ್. ಪೇಟೆ)

ಇದು ಬಿಸಿಲಲ್ಲ, ಬ್ರೇಕಿನ ಬಿಸಿ. ಎರಡಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ನೋಡಿ. ಬೆಟ್ಟದ ತುದಿ ಮೈಸೂರು ಊರಿಗಿಂತ 250 ಮೀಟರ್‌ಗೂ ಹೆಚ್ಚು ಮೇಲಿದೆ. ಸವಾರ, ಸೈಕಲ್ಲು ಸೇರಿ 85 ಕೆಜಿ ಅಂದ್ರೆ ಕೆಳಗೆ ಬರೋ ಹೊತ್ತಿಗೆ ಎರಡು ಲಕ್ಷ ಜೌಲ್ ಚಿಲ್ಲರೆ ಶಕ್ತಿ ಎಲ್ಲಾದ್ರೂ ಹೋಗಬೇಕು. ಜೋರಾಗಿ ಇಳಿದ್ರೆ ಬಹುಪಾಲು ಗಾಳಿ ಸೀಳೋದ್ರಲ್ಲೇ ಹೋಗುತ್ತೆ. ಬ್ರೇಕ್ ಹಿಡಿದೇ ಇಳಿದ್ರೆ ರಿಮ್ಮಿಗೆ. ಎರಡು ಅಲ್ಯೂಮಿನಿಯಂ ರಿಮ್ ಸೇರಿ ಒಂದು ಕೆಜಿ ಅಂತಿಟ್ಕೊಂಡ್ರೆ, ಒಂದು ಡಿಗ್ರಿ ಏರಿಸೋಕೆ 900 ಜೌಲ್ ಸಾಕು. ಸ್ವಲ್ಪವೂ ಆರದೇ ಇದ್ರೆ ಲೆಕ್ಕದ ಪ್ರಕಾರ 230 ಡಿಗ್ರಿ ಏರಬೇಕು! ದಾರೀಲಿ ಗಾಳಿಗೆ ಆರುತ್ತೆ, ಅಷ್ಟು ಏರಲ್ಲ. ಆದ್ರೆ ಅದರ ಕಾಲು ಭಾಗ ಉಳಿದ್ರೂ ಹಿರಿಯರ ಬಿಸಿಲಿನ ಎರಡರಷ್ಟಾಯ್ತು.

ಲಲಿತಮಹಲ್ ರೋಡಿ

ಅದಕ್ಕೇ ಹೇಳೋದು, ನಿಧಾನಕ್ಕೆ ಇಳೀರಿ ಅಂತ.

ಬೆಟ್ಟದ ಬ್ರೇಕು (ಮೈಸೂರು)

ಮೇಷ್ಟ್ರು ಹೇಳಿದ್ದನ್ನ ಇನ್ನೊಂದ್ಸಲ ಓದಿ ಸ್ವಾಮಿ! ಸದಾ ಬ್ರೇಕ್ ಉಜ್ಜಿಕೊಂಡು ಅರ್ಧಂಬರ್ಧ ವೇಗದಲ್ಲಿ ಇಳಿಯೋದೇ ರಿಮ್ಮಿಗೆ ಕೆಟ್ಟದ್ದು. ನೇರ ರಸ್ತೇಲಿ ಕೈ ಸಡಿಲ ಬಿಡಬೇಕು, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಮತ್ತೆ ಬಿಡಬೇಕು. ಅಷ್ಟು ಧೈರ್ಯ ಇಲ್ಲ ಅಂದ್ರೆ ನಂದಿ ಹತ್ರ ನಿಲ್ಲಿಸಿ, ಫೋಟೋ ತಗೊಂಡು, ರಿಮ್ ಆರೋ ತನಕ ಕೂತು ಬನ್ನಿ. ಡಿಸ್ಕ್ ಬ್ರೇಕ್ ಇದ್ರೆ ಈ ರಗಳೆನೇ ಇಲ್ಲ, ಬಿಸಿ ಡಿಸ್ಕಿಗೆ ಹೋಗುತ್ತೆ, ಟೈರಿಗಲ್ಲ.

ಒಂಟಿಕೊಪ್ಪಲು ರೈಡರ್

2003ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೆನಪಿದೆಯಾ ಯಾರಿಗಾದ್ರೂ? ಗ್ಯಾಪ್ ಊರಿನ ಕಡೆ ಇಳಿಯುವಾಗ ಹೊಸೆಬಾ ಬೆಲೋಕಿ ಬಿದ್ದದ್ದು. ಬಿಸಿಲಿಗೆ ರಸ್ತೆ ಡಾಂಬರೇ ಕರಗಿತ್ತು, ಹಿಂದಿನ ಚಕ್ರ ಲಾಕ್ ಆಗಿ ಅಂಟಿನ ಟೈರು ರಿಮ್ಮಿಂದ ಕಿತ್ತು ಬಂತು. ತೊಡೆ ಮೂಳೆ ಮುರೀತು. ಹಿಂದೆ ಇದ್ದ ಆರ್ಮ್‌ಸ್ಟ್ರಾಂಗ್ ಹೊಲದೊಳಗೇ ಸೈಕಲ್ ನುಗ್ಗಿಸಿ ಕೆಳಗಿನ ರಸ್ತೆಗೆ ಇಳಿದ.

ಮಂಡ್ಯ ಹೈದ

ಹೊಲದಲ್ಲಿ ಸೈಕಲ್ ಓಡಿಸದು ನಮ್ಗೇನ್ ಹೊಸ್ದಾ. 2023ರ ಆಗಸ್ಟಿಂದ ಬೆಂಗ್ಳೂರ್ ಮೈಸೂರ್ ಹೈವೇಲಿ ಬೈಕ್ನೂ ಬಿಡಕಿಲ್ಲ ಸೈಕಲ್ನೂ ಬಿಡಕಿಲ್ಲ ಅಂದ್ಮೇಲೆ ಸರ್ವಿಸ್ ರೋಡಲ್ಲಿ ಓಡ್ಸಿ ನೋಡಿ, ಹೊಲಾನೇ ವಾಸಿ ಅನ್ನಿಸ್ತದೆ.

ಸರಸ್ವತಿಪುರಂ ಹಿರಿಯ

ಅವರ ರಸ್ತೆ ಡಾಂಬರ್ ಬಿಸಿಲಿಗೆ ಕರಗಬಹುದು, ನಮ್ಮ ಟೈರ್ ಮಾತ್ರ ಬಿಸಿಲಿಗೆ ಏನೂ ಆಗಬಾರದು. ಆಯ್ತಪ್ಪ.

ಕುಕ್ಕರಹಳ್ಳಿ ಸವಾರ

ವಿಷಯಕ್ಕೆ ಬರೋಣ. ಟ್ಯೂಬ್ ಇನ್ನೂ ಇತ್ತು, ತಂದು ಬೆಳಕಲ್ಲಿ ನೋಡಿದೆ. ಸೀಳು ಶುರುವಾಗೋದು ವಾಲ್ವಿಂದ ನಾಲ್ಕು ಬೆರಳು ಆಚೆ. ಸೀಳಿಗೆ ಅಂಟಿಕೊಂಡೇ ಒಂದು ಗೆರೆ ಇದೆ, ಅಷ್ಟು ಜಾಗ ಮಾತ್ರ ನುಣ್ಣಗೆ ಹೊಳೀತಿದೆ, ಅದರ ಮೇಲೆ ಟೈರ್ ಬಟ್ಟೆ ಅಚ್ಚು ಓರೆಓರೆಯಾಗಿ ಬಿದ್ದಿದೆ. ಬೇರೆ ಕಡೆ ಎಲ್ಲೂ ಆ ಥರ ಇಲ್ಲ.

ಪಂಚರ್ ಶಿವು (ಮದ್ದೂರು)

ಸಿಕ್ತು ನೋಡಿ. ಟ್ಯೂಬು ಟೈರ್ ಅಂಚಿಗೂ ರಿಮ್ಮಿಗೂ ಮಧ್ಯ ಸಿಗಾಕ್ಕಂಡಿತ್ತು. ಟೈರ್ ಏರಿಸುವಾಗ ಕೊನೇ ಭಾಗ ಬಿಗಿ ಇರ್ತದೆ, ಅಲ್ಲಿ ಲಿವರ್ ಹಾಕಿ ಎಳ್ದಾಗ ಟ್ಯೂಬ್ ಅಡೀಗ್ ಹೋಯ್ತದೆ. ವಾಲ್ವ್ ಹತ್ರ ಅಂತೂ ಟ್ಯೂಬ್ ದಪ್ಪ, ಟೈರ್ ಅಂಚು ಕೆಳಗಿಳಿಯಕ್ಕೇ ಬಿಡಕಿಲ್ಲ. ಅಷ್ಟ್ ಜಾಗದಲ್ಲಿ ಅಂಚು ರಬ್ಬರ್ ಮೇಲೆ ಕೂತಿರ್ತದೆ, ರಿಮ್ ಮೇಲಲ್ಲ. ರಬ್ಬರ್ ಜಾರ್ತದೆ. ನೀವ್ ಗಾಳಿ ಹೊಡ್ಸಿದ್ ತಕ್ಷಣ ಹೋಗಕಿಲ್ಲ, ಒಂಚೂರ್ ಒಂಚೂರೇ ಮೇಲಕ್ಕೆ ತೆವುಳ್ತದೆ. ಅದ್ಕೇ ನಿಮ್ ಮಜ್ಜಿಗೆ ಅನ್ನದ್ ತನ್ಕ ಟೈಮ್ ತಗಂತು. ಕೆಲವು ರಾತ್ರಿ ಎಲ್ಲಾ ನಿಂತು ಬೆಳಗ್ಗೆ ಹೋಯ್ತವೆ.

ಕುಕ್ಕರಹಳ್ಳಿ ಸವಾರ

ಹಾಗಾದ್ರೆ ಹಾಕೋವಾಗ ಏನು ನೋಡ್ಕೋಬೇಕು? ಮುಂದಿನ ಸಲ ನಾನೇ ಹಾಕೋಣ ಅಂತ.

ಪಂಚರ್ ಶಿವು (ಮದ್ದೂರು)

ಹಾಕಿ, ನಮ್ ಹೊಟ್ಟೆ ಮೇಲೆ ಹೊಡೀರಿ 😄 ಟ್ಯೂಬ್ ಒಳಗಿಡಕ್ಕೆ ಮುಂಚೆ ಒಂದೆರಡು ಏಟು ಗಾಳಿ ಹೊಡ್ಕಳಿ, ಮುದುರ್ದೇ ಇರ್ಲಿ. ಪೌಡರ್ ಸವರುದ್ರೆ ಜಾರಿ ಕೂತ್ಕತದೆ. ಟೈರ್ನ ವಾಲ್ವ್ ಎದುರ್ಗಡೆಯಿಂದ ಏರ್ಸಕ್ಕೆ ಶುರು ಮಾಡಿ ವಾಲ್ವ್ ಹತ್ರಕ್ಕೆ ತಂದು ಮುಗ್ಸಿ. ಮುಗುದ್ಮೇಲೆ ವಾಲ್ವ್‌ನ ಹೆಬ್ಬೆಟ್ಟಲ್ಲಿ ಒಳಕ್ಕೆ ಒಂದ್ಸಲ ಒತ್ತಿ ಬಿಡಿ, ಇದ ಮಾತ್ರ ಮರೀಬೇಡಿ. ಅಡೀಲ್ ಸಿಗಾಕ್ಕಂಡಿದ್ರೆ ಮೇಲಕ್ಕೋಯ್ತದೆ. ಆಮೇಲೆ ಸುತ್ತೂ ಟೈರ್‌ನ ಒಂದ್ ಪಕ್ಕಕ್ಕೆ ತಳ್ಳಿ ಇಣುಕಿ ನೋಡಿ, ಟ್ಯೂಬ್ ಎಲ್ಲಾದ್ರೂ ಕಂಡ್ರೆ ಬಿಚ್ಚಿ ತಿರ್ಗಾ ಹಾಕಿ. ಎರಡೂ ಪಕ್ಕ ನೋಡ್ಬೇಕು. ಸ್ಕ್ರೂ ಡ್ರೈವರ್ ಹಾಕಿ ಮೀಟೋರ್ಗೆ ನಾ ಏನೂ ಹೇಳಕಿಲ್ಲ, ಅವ್ರು ನಮ್ ಗಿರಾಕಿಗಳು.

ಟೈರ್ ಕಾರ್ಖಾನೆ ನಿವೃತ್ತ (ಮೇಟಗಳ್ಳಿ)

ಇದಕ್ಕೊಂದು ಸೇರಿಸಿ. ಟೈರಿನ ಪಕ್ಕದಲ್ಲಿ, ರಿಮ್ಮಿಗೆ ಸ್ವಲ್ಪ ಮೇಲೆ, ಸುತ್ತಲೂ ಒಂದು ಸಣ್ಣ ಗೆರೆ ಅಚ್ಚು ಹಾಕಿರ್ತಾರೆ. ಅಂದಕ್ಕಲ್ಲ ಅದು. 20 ಪಿಎಸ್‌ಐ ಹೊಡೆದು ನಿಲ್ಲಿಸಿ, ಚಕ್ರ ತಿರುಗಿಸಿ ಆ ಗೆರೆ ನೋಡಿ. ರಿಮ್ಮಿಂದ ಎಲ್ಲಾ ಕಡೆ ಒಂದೇ ಸಮ ಕಂಡ್ರೆ ಪೂರ್ತಿ ಗಾಳಿ ಹೊಡೀರಿ. ಒಂದು ಕಡೆ ಗೆರೆ ಮೇಲೆದ್ದಿದ್ರೆ ಅಲ್ಲೇ ಟ್ಯೂಬ್ ಸಿಕ್ಕಿದೆ, ಒಂದು ಕಡೆ ಮುಳುಗಿದ್ರೆ ಬೀಡ್ ಇನ್ನೂ ರಿಮ್ ಮಧ್ಯದ ಗುಳಿಯಿಂದ ಮೇಲೆ ಬಂದಿಲ್ಲ. ಬಂಕಿನ ದೊಡ್ಡ ಕಂಪ್ರೆಸರಲ್ಲಿ ಇದಕ್ಕೆಲ್ಲ ಪುರಸೊತ್ತೇ ಸಿಗಲ್ಲ. ಸೈಕಲ್ ಟೈರೊಳಗೆ ಹಿಡಿಯೋದೇ ಎರಡು ಲೀಟರ್ ಚಿಲ್ಲರೆ ಜಾಗ, ಕಣ್ಣು ಮಿಟುಕಿಸೋದ್ರಲ್ಲಿ ತುಂಬಿರುತ್ತೆ.

ಒಂಟಿಕೊಪ್ಪಲು ರೈಡರ್

ಅಂದ್ರೆ ಕೊನೆಗೂ ಅಂಗಡಿಯವರದೇ ತಪ್ಪು?

ಪಂಚರ್ ಶಿವು (ಮದ್ದೂರು)

ಗಿರಾಕಿ ಹಿಂದ್ಗಡೆ ನಿಂತ್ಕಂಡು "ಆಯ್ತಾ ಆಯ್ತಾ" ಅಂತಿದ್ರೆ ಯಾರ್ ಸುತ್ತೂ ಇಣುಕ್ತಾರೆ ಅಕ್ಕ? 2006-07ರಲ್ಲಿ ಸರ್ಕಾರ ಎಂಟ್ನೇ ಕ್ಲಾಸ್ ಮಕ್ಳಿಗೆ ಸೈಕಲ್ ಕೊಡಕ್ಕೆ ಶುರು ಮಾಡ್ದಾಗ ಬೆಳಗ್ಗೆ ಸ್ಕೂಲ್ ಬೆಲ್ ಹೊಡ್ಯೋ ಹೊತ್ಗೆ ನಮ್ಮಂಗ್ಡಿ ಮುಂದೆ ಸಾಲು ನಿಲ್ತಿತ್ತು. ಅಷ್ಟ್ರಲ್ಲೂ ನಮ್ಮಪ್ಪ ಒಂದೊಂದ್ ಚಕ್ರನೂ ತಿರುಗ್ಸಿ ನೋಡದೆ ಕೊಡ್ತಿರ್ಲಿಲ್ಲ. ಬೈಸ್ಕಂತಿದ್ರು ಬುಡಿ.

ಕುಕ್ಕರಹಳ್ಳಿ ಸವಾರ

ಹಳೇ ಟೈರನ್ನೇ ಮತ್ತೆ ಹಾಕಬಹುದಾ?

ಟೈರ್ ಕಾರ್ಖಾನೆ ನಿವೃತ್ತ (ಮೇಟಗಳ್ಳಿ)

ಟೈರ್ ಬಿಚ್ಚಿ ಅಂಚಿನುದ್ದಕ್ಕೂ ಬೆರಳು ಆಡಿಸಿ. ಎಲ್ಲಾದ್ರೂ ತಂತಿ ಮುರಿದು ಚುಚ್ಚಿದ್ರೆ, ಇಲ್ಲಾ ಒಂದು ಕಡೆ ಮಡಚಿದಂತೆ ಕೋನ ಬಂದಿದ್ರೆ ಆ ಟೈರ್ ಬೇಡ. ನೆಟ್ಟಗಿದ್ರೆ ಧಾರಾಳವಾಗಿ ಹಾಕಿ. ಹಾಗೇ ರಿಮ್ಮಿನ ಪಕ್ಕಾನೂ ನೋಡಿ, ಬ್ರೇಕ್ ಉಜ್ಜಿ ಉಜ್ಜಿ ಸವೆದ ರಿಮ್ ಅಂಚು ಒಂದು ದಿನ ಸೀಳಿ ಟೈರನ್ನ ಬಿಟ್ಟುಕೊಡುತ್ತೆ. ಸ್ಕೇಲ್ ಅಡ್ಡ ಇಟ್ಟಾಗ ಮಧ್ಯದಲ್ಲಿ ಬೆಳಕು ಕಂಡ್ರೆ ಸವೆದಿದೆ ಅಂತ.

ಮಂಡ್ಯ ಹೈದ

ಅಪ್ಪನ ಸೈಕಲ್ ರಿಮ್ಮು ತುಕ್ಕಿಡ್ದು ಒಳಗಡೆ ಚಕ್ಕೆ ಚಕ್ಕೆ ಉದುರ್ತದೆ ಸಾರ್. ಕಬ್ಬಿಣದ್ದು. ನಡೀತದಾ?

ಪಂಚರ್ ಶಿವು (ಮದ್ದೂರು)

ಚಕ್ಕೆ ಏಳ್ತಿದ್ರೆ ಬ್ಯಾಡ, ತೆಳ್ಳಗಾಗಿರ್ತದೆ, ಕಡ್ಡಿ ಎಳ್ದಾಗ ಕಿತ್ಕಂಡು ಬತ್ತದೆ. ರಿಮ್ ಬದ್ಲಾಯ್ಸು. ಆದ್ರೆ ಅಂಗ್ಡಿಗ್ ಹೋಗಕ್ ಮುಂಚೆ ಕಡ್ಡಿ ಎಣುಸ್ಕ. ಹಳೆ ಸೈಕಲ್ಗೆ ಮುಂದ್ಗಡೆ 32, ಹಿಂದ್ಗಡೆ 40 ಇರ್ತವೆ. ಎರಡ್ಕೂ 36 ತೂತಿನ ರಿಮ್ ತಂದು ನಮ್ ತಲೆ ತಿನ್ಬೇಡ.